ಕೊಪ್ಪರಿಗೆಯ ಹೊರಮೈ

ಮೃತರಾದವರ ಕುರಿತು ವರ್ಷಾಂತಿಕ ಕಳೆಯುವ ತನಕ ಕಟುನುಡಿ ಆಡಬಾರದೆಂಬುದು ನಮ್ಮ ಮನೆತನದ ಕ್ರಮ. ಜೀವವು ತನ್ನ ದಾರಿಯಲ್ಲಿ ಸಾಗುತ್ತಿರುವಾಗ ಹಿಂದಿನಿಂದ ಕೂಗಿ ನಿಲ್ಲಿಸಬಾರದು ಎಂದು ನನ್ನ ತೀರ್ಥರೂಪರು ಹೇಳುತ್ತಿದ್ದರು. ಆದುದರಿಂದ ನಾನು ಕಾದೆ. ಗಣಿತದ ಮಾಷ್ಟ್ರ ವರ್ಷಾಂತಿಕವು ಕಳೆದ ತಿಂಗಳು ಕಾಪುವಿನಲ್ಲಿ, ಅವರ ಮಗನ ಮನೆಯಲ್ಲಿ, ವಿಧಿವತ್ತಾಗಿ ನೆರವೇರಿತು. ನಾನೂ ಹೋಗಿ ಎಲೆಯ ಮುಂದೆ ಕುಳಿತು ಉಂಡು ಬಂದೆ. ಇನ್ನು ನನ್ನ ನಾಲಗೆಗೆ ಕಟ್ಟಿಲ್ಲ.

ಹಳೆ ವಿದ್ಯಾರ್ಥಿಗಳು ಸೇರಿ ಅವರ ನೆನಪಿಗೆ ಒಂದು ಸಂಚಿಕೆಯನ್ನು ಹೊರತರುತ್ತಿದ್ದಾರೆ. ಅದರ ಹೊಣೆ ಹೊತ್ತವರು ಉಡುಪಿಯಲ್ಲಿ ವಕೀಲರು, ನಮ್ಮಿಬ್ಬರಿಗೂ ಶಿಷ್ಯರು. ಮನೆಗೆ ಬಂದು ನಮಸ್ಕರಿಸಿ ಕುಳಿತರು.

“ಪಂಡಿತರೇ, ನಿಮ್ಮ ಲೇಖನ ಇಲ್ಲದಿದ್ದರೆ ಆಗ್ಲಿಕ್ಕಿಲ್ಲ. ಅವರ ಜೊತೆ ಕೆಲಸ ಮಾಡಿದವರಲ್ಲಿ ಈಗ ಇರುವುದು ನೀವೊಬ್ಬರೇ ಅಲ್ವಾ?”

“ಬರೆಯುತ್ತೇನೆ. ಆದರೆ ಬರೆದುದರಲ್ಲಿ ಒಂದು ಸಾಲನ್ನೂ ಕತ್ತರಿಸುವುದಿಲ್ಲವೆಂದು ಮಾತು ಕೊಡಬೇಕು.”

“ಕತ್ತರಿಸುವುದು ಎಂತ ಉಂಟು ಪಂಡಿತರೇ? ಹೊಗಳಿಕೆ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ” ಎಂದು ನಕ್ಕು ಮಾತು ಕೊಟ್ಟು ಹೋದರು. ವಕೀಲರಾದವರು ಕಾಗದ ನೋಡದೆ ಒಪ್ಪಬಾರದಿತ್ತು.

ಕಾಪು ಮತ್ತು ಕಟಪಾಡಿಯ ನಡುವೆ, ಹೆದ್ದಾರಿಯಿಂದ ತುಸು ಒಳಗೆ, ಹೆಂಚಿನ ಮಾಡಿನ ಒಂದು ಪ್ರೌಢಶಾಲೆ. ಅಲ್ಲಿ ನಾನು ಸಂಸ್ಕೃತ ಪಾಠ ಹೇಳುತ್ತಿದ್ದೆ, ಅವರು ಗಣಿತ. ಕೊಠಡಿಗಳ ನಡುವಿನ ಗೋಡೆಗಳು ಮಾಡಿನವರೆಗೆ ಏರಿರಲಿಲ್ಲ. ನನ್ನ ವಿಭಕ್ತಿಗಳು ಅವರ ತರಗತಿಗೂ ಅವರ ಸೂತ್ರಗಳು ನನ್ನ ತರಗತಿಗೂ ದಾಟಿ ಬರುತ್ತಿದ್ದವು. ಹಾಗಾಗಿ ಅವರ ಪಾಠವನ್ನು ನಾನು ಅವರ ಯಾವ ವಿದ್ಯಾರ್ಥಿಗಿಂತಲೂ ಹೆಚ್ಚು ಕಾಲ ಕೇಳಿದ್ದೇನೆ. ಸತ್ಯವನ್ನು ಮರೆಮಾಚಿ ದ್ವೇಷ ಸಾಧಿಸುವುದು ಹೇಡಿಯ ಲಕ್ಷಣ. ಆದುದರಿಂದ ಮೊದಲೇ ಹೇಳಿಬಿಡುತ್ತೇನೆ: ಘನಾಕೃತಿಗಳ ಮೇಲ್ಮೈ ಮತ್ತು ಘನಫಲವನ್ನು ಅವರಂತೆ ಕಲಿಸಿದವರನ್ನು ನಾನು ಬೇರೆ ಕಂಡಿಲ್ಲ.

ಅವರು ಕಾರ್ಕಳದ ಕಡೆಯವರು. ಕಲ್ಲು ಕೆತ್ತುವ ಪರಿಚಯಸ್ಥರಿಂದ ಕರಿಗಲ್ಲಿನ ಶಂಕು, ಗೋಳ, ಸಿಲಿಂಡರುಗಳನ್ನು ಮಾಡಿಸಿ ತಂದಿದ್ದರು. ನುಣುಪಾದ, ತಣ್ಣಗಿನ, ಕೈಗೆ ಭಾರವಾದ ಕಲ್ಲುಗಳು. “ಮುಟ್ಟಿ ನೋಡಿ. ಕೈಗೆ ಸಿಕ್ಕಿದ್ದು ಮೇಲ್ಮೈ. ಕೈ ನೋಯಿಸಿದ್ದು ಘನಫಲ” ಎನ್ನುತ್ತಿದ್ದರು. ತಗಡಿನ ಶಂಕುವೊಂದರಲ್ಲಿ ಮರಳು ತುಂಬಿ, ಅದೇ ಬುಡ, ಅದೇ ಎತ್ತರದ ಡಬ್ಬಕ್ಕೆ ಮೂರು ಸಲ ಸುರಿಸಿ, ಡಬ್ಬ ತುಂಬಿದಾಗ ಮಕ್ಕಳು ಚಪ್ಪಾಳೆ ತಟ್ಟುವಂತೆ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ತರಗತಿಯನ್ನು ಕಾಪುವಿನ ಕಡಲಿಗೆ ಕರೆದೊಯ್ದು, ಬಂಡೆಯ ಮೇಲಿನ ದೀಪಸ್ತಂಭದ ಕೆಳಗೆ ಕೂರಿಸಿ, ಬುಡ ಅಗಲ, ತಲೆ ಸಪೂರವಾದ ಆ ಗೋಪುರಕ್ಕೆ ಬಣ್ಣ ಬಳಿಯಬೇಕಾದರೆ ಎಷ್ಟು ಮೈ ಎಂದು ಕೇಳುತ್ತಿದ್ದರು. ಪುಸ್ತಕದ ಲೆಕ್ಕವನ್ನು ಇದ್ದ ಹಾಗೆ ಬರೆಸುವುದು ಅವರಿಗೆ ಅವಮಾನ. ಡೇರೆಯ ಲೆಕ್ಕವಿದ್ದರೆ ಅದನ್ನು ಬತ್ತದ ರಾಶಿ ಮಾಡುತ್ತಿದ್ದರು. ಈಜುಕೊಳವಿದ್ದರೆ ಅದು ದೇವಸ್ಥಾನದ ಕೆರೆಯಾಗುತ್ತಿತ್ತು. “ಲೆಕ್ಕಕ್ಕೆ ನಮ್ಮ ಊರಿನ ನೀರು ಕುಡಿಸಬೇಕು ಭಟ್ರೇ” ಎಂದು ನನ್ನೊಡನೆ ಹೇಳಿದ್ದರು. ಆ ಕಾಲದಲ್ಲಿ ನಾವು ಮಾತನಾಡುತ್ತಿದ್ದೆವು.

ಕಟಪಾಡಿಯ ಜಂಕ್ಷನ್ನಿನಲ್ಲಿ ಒಂದು ಶರಬತ್ತಿನ ಅಂಗಡಿಯಿತ್ತು. ಅಂಗಡಿಯವರು ಎತ್ತರದ, ಚೆಂದದ ಹೊಸ ಗ್ಲಾಸುಗಳನ್ನು ತಂದರು. ಮಾಷ್ಟ್ರು ಹೊಸ ಗ್ಲಾಸಿನ ಶರಬತ್ತನ್ನು ಹಳೆಯ ಗಿಡ್ಡ ಗ್ಲಾಸಿಗೆ ಸುರಿದರು. ಅದು ಮುಕ್ಕಾಲೂ ತುಂಬಲಿಲ್ಲ. ಬಸ್ಸಿಗೆ ನಿಂತವರೆಲ್ಲ ನೋಡುತ್ತಿದ್ದರು. “ಎತ್ತರ ನೋಡಿ ಮೋಸ ಹೋಗ್ಬೇಡಿ, ಹೊಟ್ಟೆ ನೋಡಿ!” ಎಂದು ಸಾರಿದರು. ಅಂಗಡಿಯವರು, “ಮಾಷ್ಟ್ರೇ, ನಿಮಗೆ ಜನ್ಮ ಇರುವವರೆಗೆ ಹಳೇ ಗ್ಲಾಸಿನಲ್ಲೇ ಕೊಡ್ತೇನೆ, ಬಾಯಿ ಮುಚ್ಚಿ ಮಾರಾಯ್ರೇ!” ಎಂದು ಕೈಮುಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇನ್ನೊಬ್ಬರ ತಪ್ಪನ್ನು ನಾಲ್ಕು ಜನರ ಮುಂದೆ ಸುರಿದು ತೋರಿಸುವಾಗ ಅವರ ಮುಖದಲ್ಲಿ ಬರುತ್ತಿದ್ದ ಕಾಂತಿಯನ್ನು ಅಂದು ನಾನು ವಿದ್ಯೆಯ ಕಾಂತಿಯೆಂದು ತಿಳಿದಿದ್ದೆ.

ಮನುಷ್ಯರನ್ನೂ ಅವರು ಹಾಗೆಯೇ ಅಳೆಯುತ್ತಿದ್ದರು. ಹೊಸ ಹೆಡ್ಮಾಷ್ಟ್ರು ಬಂದರೆ, “ಮೇಲ್ಮೈ ತುಂಬಾ ಉಂಟು, ಘನಫಲ ಕಾಣುವುದಿಲ್ಲ” ಎನ್ನುವರು. ನನ್ನ ಕುರಿತೂ, ನನ್ನ ಮೈಮೇಲಿನ ಗೋಪೀಚಂದನದ ಮುದ್ರೆಗಳನ್ನು ಉದ್ದೇಶಿಸಿ, “ಭಟ್ರದ್ದು ಹೊರಮೈಗೆ ಖರ್ಚು ಜಾಸ್ತಿ” ಎಂದಿದ್ದರಂತೆ. ಅದನ್ನು ನಾನು ಕ್ಷಮಿಸಿದ್ದೇನೆ. ನನ್ನ ಮೇಲೆ ಆದದ್ದನ್ನೆಲ್ಲ ಕ್ಷಮಿಸಿದ್ದೇನೆ.

ಇನ್ನು ಟೊಪ್ಪಿಯ ವಿಷಯ. ಶಂಕುವಿನ ಪಾರ್ಶ್ವ ಮೇಲ್ಮೈ ಕಲಿಸಲು ಅವರು ದಪ್ಪ ಕಾಗದದಿಂದ ವೃತ್ತದ ಒಂದು ತುಂಡನ್ನು ಕತ್ತರಿಸಿ, ಸುತ್ತಿ, ಅಂಚಿಗೆ ಅಂಟು ಹಚ್ಚಿ ಚೂಪಾದ ಟೊಪ್ಪಿ ಮಾಡುತ್ತಿದ್ದರು. ತಪ್ಪು ಉತ್ತರ ಹೇಳಿದವರ ತಲೆಗೆ ಅದನ್ನು ಇಡುವರು. ತರಗತಿಯೆಲ್ಲ ಮನಸಾರೆ ನಕ್ಕ ಮೇಲೆ ಟೊಪ್ಪಿಯನ್ನು ತೆಗೆದು, ಕತ್ತರಿಯಿಂದ ಸೀಳಿ, ಮೇಜಿನ ಮೇಲೆ ಹರಡಿ, “ನೋಡಿ, ಟೊಪ್ಪಿಯ ಓರೆ ಎತ್ತರ ಈಗ ವೃತ್ತದ ತ್ರಿಜ್ಯ ಆಯ್ತು” ಎಂದು ಸೂತ್ರ ಬರೆಸುವರು. ಉಡುಪಿಯಲ್ಲಿ ನಡೆದ ನುಡಿನಮನದಲ್ಲಿ ಮಣಿಪಾಲದ ಒಬ್ಬ ವೈದ್ಯರು, “ಆ ಟೊಪ್ಪಿ ತಲೆಗೆ ಬೀಳದಿದ್ದರೆ ನಾನು ಡಾಕ್ಟರ್ ಆಗ್ತಿರಲಿಲ್ಲ” ಎಂದಾಗ ಸಭೆ ಗೊಳ್ಳೆಂದು ನಕ್ಕಿತು. “ನನಗೂ ಬಿದ್ದಿದೆ”, “ನನಗೆ ಎರಡು ಸಲ” ಎಂದು ಕೂತಲ್ಲಿಂದಲೇ ಕೂಗಿದರು, ಪದಕ ಬಂದವರಂತೆ. ಆ ಟೊಪ್ಪಿಯಿಂದ ಮುರಿದವರು ನುಡಿನಮನಕ್ಕೆ ಬರುವುದಿಲ್ಲ. ಬಂದರೂ ಅವರ ಕೈಗೆ ಮೈಕು ಯಾರೂ ಕೊಡುವುದಿಲ್ಲ.

ನನ್ನ ಮಗಳು ಹತ್ತನೆಯ ತರಗತಿಯಲ್ಲಿ ಅವರ ವಿದ್ಯಾರ್ಥಿನಿ. ಲೆಕ್ಕವೆಂದರೆ ಅವಳಿಗೆ ಪ್ರಾಣ. ಮಣಿಪಾಲಕ್ಕೆ ಹೋಗುವಾಗ ಬಸ್ಸು ಗುಡ್ಡ ಹತ್ತುತ್ತಿದ್ದಂತೆ, “ಅಪ್ಪ, ನಾನು ಇಂಜಿನಿಯರಿಂಗ್ ಓದುವುದು ಇಲ್ಲಿಯೇ” ಎಂದು ಕಿಟಕಿಯಿಂದ ಕೈತೋರಿಸುತ್ತಿದ್ದಳು. ಮಾಷ್ಟ್ರಿಗೂ ಅವಳೆಂದರೆ ಮೆಚ್ಚುಗೆಯಿತ್ತು, ಆ ದಿನದವರೆಗೆ.

ಪುಸ್ತಕದಲ್ಲಿ ಒಂದು ಲೆಕ್ಕವಿತ್ತು: ದಪ್ಪ ಅಂಚಿನ, ಅರ್ಧಗೋಳಾಕಾರದ ಪಾತ್ರೆಯೊಂದಕ್ಕೆ ಬಣ್ಣ ಬಳಿಯಬೇಕು, ಒಟ್ಟು ವಿಸ್ತೀರ್ಣವೆಷ್ಟು? ಒಳಮೈ, ಹೊರಮೈ, ಅಂಚಿನ ಉಂಗುರ, ಮೂರನ್ನೂ ಕೂಡಿಸಿದರೆ ಉತ್ತರ. ಮಾಷ್ಟ್ರು ತಮ್ಮ ಪದ್ಧತಿಯಂತೆ ಅದಕ್ಕೆ ಊರಿನ ನೀರು ಕುಡಿಸಿದರು. ಪಾತ್ರೆ ದೇವಸ್ಥಾನದ ತಾಮ್ರದ ಕೊಪ್ಪರಿಗೆಯಾಯಿತು, ಬಣ್ಣ ಕಲಾಯಿಯಾಯಿತು. ಕೊಪ್ಪರಿಗೆಯೆಂದರೆ ಸಂತರ್ಪಣೆಗೆ ಸಾರು, ಪಾಯಸ ಮಾಡುವ ದೊಡ್ಡ ಪಾತ್ರೆ. ಅಡಿಗೆ ಕಿಲುಬು ಹಿಡಿಯದಂತೆ ಅದರ ಒಳಮೈಗೆ ತವರ ಕರಗಿಸಿ ಸವರುವುದೇ ಕಲಾಯಿ. ಊರಿನ ಹೆಸರುಗಳು ಬಂದವು, ಊರಿನ ಪದ್ಧತಿಯನ್ನು ಅವರು ಮರೆತರು.

ನನ್ನ ಮಗಳು ಒಳಮೈಯನ್ನು ಮಾತ್ರ ಲೆಕ್ಕ ಹಾಕಿದಳು. ನಮ್ಮದು ದೇವಸ್ಥಾನದ ಮಗ್ಗುಲಿನ ಮನೆ. ವರ್ಷವರ್ಷವೂ ಅಂಗಳದಲ್ಲಿ ಕಲಾಯಿಯ ಹೊಗೆ ಕುಡಿದು ಬೆಳೆದವಳು ಅವಳು. ಗೋಡೆಯಾಚೆ ನಾನು ಶಬ್ದರೂಪಗಳನ್ನು ಹೇಳಿಸುತ್ತಿದ್ದೆ. ಮಾತು ಸ್ಪಷ್ಟವಾಗಿ ಕೇಳಿತು.

“ಎಂತದು ಇದು? ಹೊರಮೈ ಎಲ್ಲಿ?”

“ಕಲಾಯಿ ಒಳಗೆ ಮಾತ್ರ ಅಲ್ವಾ ಮಾಷ್ಟ್ರೇ? ಹೊರಗೆ ಬೆಂಕಿ. ಅಲ್ಲಿ ಹಾಕಿದರೆ ನಿಲ್ತದಾ?”

ತರಗತಿ ನಕ್ಕಿತು. ಆ ನಗು ಅವಳ ಮೇಲೆ ಬಿದ್ದುದಾಗಿರಲಿಲ್ಲ. ಅದು ಮಾಷ್ಟ್ರಿಗೂ ತಿಳಿಯಿತು.

“ನಿನ್ನ ಅಪ್ಪನ ದೇವಸ್ಥಾನದ ಕೊಪ್ಪರಿಗೆ ಅಲ್ಲ ಇದು, ಗಣಿತದ ಕೊಪ್ಪರಿಗೆ! ಬಾ ಇಲ್ಲಿ.”

ಕಾಗದ ಸುತ್ತುವ ಸದ್ದು ಕೇಳಿತು. ಅವಳ ಟೊಪ್ಪಿಯನ್ನು ಅವರು ಎಲ್ಲರದರಂತೆ ಕೂಡಲೇ ತೆಗೆದು ಸೀಳಲಿಲ್ಲ. ಸೀಮೆಸುಣ್ಣ ತರುವಂತೆ ಹೇಳಿ, ಅದೇ ವೇಷದಲ್ಲಿ, ಆಟದ ಬಯಲಿಗೆ ಅಡ್ಡಲಾಗಿ ಆಫೀಸಿಗೆ ಕಳುಹಿಸಿದರು. ಬಯಲಿನಲ್ಲಿ ಬೇರೆ ತರಗತಿಯ ಹುಡುಗರು ಆಡುತ್ತಿದ್ದರು. ನಾನು ಪಾಠ ಬಿಟ್ಟು ಓಡಿದಾಗ ಅವಳು ಆಫೀಸಿನ ಮೆಟ್ಟಿಲಿನಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. ಟೊಪ್ಪಿಯನ್ನು ನನ್ನ ಕೈಯಾರೆ ತೆಗೆದೆ.

ವಿರಾಮದಲ್ಲಿ ಅದನ್ನು ಒಯ್ದು ಅಧ್ಯಾಪಕರ ಕೊಠಡಿಯಲ್ಲಿ ಅವರ ಮುಂದಿಟ್ಟೆ. “ಇದು ಯಾರದ್ದು?” ಎಂದು ಕೇಳಿದೆ.

“ನಿಮ್ಮ ಮಗಳದ್ದು” ಎಂದರು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಕತ್ತರಿ ತೆಗೆದುಕೊಂಡು, ಎಲ್ಲ ಅಧ್ಯಾಪಕರೂ ನೋಡುತ್ತಿರುವಂತೆ, ಟೊಪ್ಪಿಯನ್ನು ಸೀಳಿ ಹರಡಿದರು. “ನೋಡಿ ಭಟ್ರೇ, ಬಿಡಿಸಿದರೆ ಟೊಪ್ಪಿಯೇ ಇಲ್ಲ. ವೃತ್ತದ ಒಂದು ತುಂಡು ಕಾಗದ. ಇದಕ್ಕೆ ಎಂತಕ್ಕೆ ಇಷ್ಟು ಬಿಸಿ?”

“ಅವಳ ಉತ್ತರ ಸರಿಯೋ ತಪ್ಪೋ? ಅದನ್ನು ಹೇಳಿ.”

“ತಪ್ಪು” ಎಂದರು, ನನ್ನ ಕಣ್ಣು ನೋಡದೆ.

ಅವಳು ಮರುದಿನವೂ ಶಾಲೆಗೆ ಹೋದಳು. ಪರೀಕ್ಷೆಯಲ್ಲಿ ಉತ್ತೀರ್ಣಳೂ ಆದಳು. ಆದರೆ ಅಂದಿನಿಂದ ಗಣಿತದ ಪುಸ್ತಕವನ್ನು ತಾನಾಗಿ ಬಿಡಿಸಿದ್ದನ್ನು ನಾನು ಕಾಣಲಿಲ್ಲ. ಕಾಲೇಜಿನಲ್ಲಿ ವಿಜ್ಞಾನ ಬೇಡವೆಂದಳು. ಕಾರಣ ಕೇಳಿದರೆ, “ಸಾಕು” ಎಂಬ ಒಂದೇ ಮಾತು. ಸಂಗೀತ ಕಲಿತಳು. ಮದುವೆಯಾಗಿ ಮಣಿಪಾಲಕ್ಕೆ ಹೋದಳು. ಈಗ ಅದೇ ಗುಡ್ಡದ ಮೇಲೆ, ಬಾಲ್ಯದಲ್ಲಿ ಬಸ್ಸಿನ ಕಿಟಕಿಯಿಂದ ತೋರಿಸುತ್ತಿದ್ದ ಕಟ್ಟಡಗಳಿಗೆ ಕೂಗಳತೆಯ ಮನೆಯಲ್ಲಿ ಮಕ್ಕಳಿಗೆ ಸಂಗೀತದ ಸರಳೆ ಹೇಳಿಕೊಡುತ್ತಾಳೆ. ಅವಳ ಬದುಕು ಹಾಳಾಯಿತೆಂದು ನಾನು ಹೇಳುವುದಿಲ್ಲ. ಅವಳದಾಗಬೇಕಿದ್ದ ಒಂದು ಬದುಕನ್ನು ಒಬ್ಬರು ಕತ್ತರಿಸಿದರು ಎಂದಷ್ಟೇ ಹೇಳುತ್ತೇನೆ.

ಅಜ್ಞಾನದಿಂದ ಆದ ತಪ್ಪಾದರೆ ನನ್ನ ಕೋಪ ಕಾಲಾಂತರದಲ್ಲಿ ಆರುತ್ತಿತ್ತೇನೋ. ಮರುವರ್ಷ ಅದೇ ಪಾಠ, ಅದೇ ಗೋಡೆ. ಮಾಷ್ಟ್ರು ಅದೇ ಲೆಕ್ಕವನ್ನು ಹೇಳಿ ಬರೆಸುತ್ತಿದ್ದರು. “ತಾಮ್ರದ ಕೊಪ್ಪರಿಗೆ...” ಎಂದು ಶುರು ಮಾಡಿ ತಡೆದರು. “ಕೊಪ್ಪರಿಗೆ ಬೇಡ, ಹೊಡೆದು ಹಾಕಿ. ಒಂದು ಪಾತ್ರೆ ಅಂತ ಬರೆಯಿರಿ. ಬಣ್ಣ ಬಳಿಯಬೇಕು.” ನಾನು ಬೋರ್ಡಿನ ಮುಂದೆ ಹಾಗೆಯೇ ನಿಂತುಬಿಟ್ಟೆ. ಅವರಿಗೆ ತಿಳಿದಿತ್ತು. ಲೆಕ್ಕವನ್ನು ತಿದ್ದಿದರು, ಹುಡುಗಿಗೆ ಮಾಡಿದ್ದನ್ನು ತಿದ್ದಲಿಲ್ಲ.

ಆ ದಿನ ಸಂಧ್ಯಾವಂದನೆಗೆ ಕುಳಿತು ನಾನು ಒಂದು ಸಂಕಲ್ಪ ಮಾಡಿದೆ. ‘ನಿನ್ನ ಉತ್ತರ ಸರಿಯಿತ್ತು’ ಎಂಬ ಮಾತನ್ನು ಈ ಮನುಷ್ಯನ ಬಾಯಿಂದ, ಜನರ ಮುಂದೆ, ಹೊರಡಿಸದೆ ಬಿಡುವುದಿಲ್ಲ. ಕ್ಷಮೆಯು ದೊಡ್ಡ ಗುಣವೆಂದು ಪಾಠ ಹೇಳಿದವನು ನಾನು. ಅದು ಕೇಳಿದವರಿಗೆ ಕೊಡತಕ್ಕ ವಸ್ತು. ಕೇಳದವರ ಮನೆಬಾಗಿಲಿಗೆ ಹೊತ್ತುಕೊಂಡು ಹೋಗತಕ್ಕದ್ದಲ್ಲ.

ಬಳಿಕ ನಿವೃತ್ತಿಯವರೆಗೆ ಪಕ್ಕಪಕ್ಕದ ಕುರ್ಚಿಗಳಲ್ಲಿ ಮಾತಿಲ್ಲದೆ ಕುಳಿತೆವು. ಅವರು ಕಾಪುವಿನಲ್ಲಿ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಪುರೋಹಿತರ ಬಳಗದಲ್ಲಿ ನಾನೂ ಹೋಗಬೇಕಾಯಿತು. ಮಂತ್ರದಲ್ಲಿ ಲೋಪ ಮಾಡಲಿಲ್ಲ. ಅದು ದೇವರ ಕೆಲಸ. ಕೊನೆಗೆ ಮನೆಯೊಡೆಯರ ತಲೆಗೆ ಮಂತ್ರಾಕ್ಷತೆ ಹಾಕುವಾಗ ನನ್ನ ಕೈ ತುಸು ಮುಂದಕ್ಕೆ ಚಾಚಿತು. ಅಕ್ಕಿಕಾಳುಗಳೆಲ್ಲ ಅವರ ತಲೆ ದಾಟಿ ನೆಲಕ್ಕೆ ಬಿದ್ದವು. ಬೇರೆ ಯಾರೂ ಗಮನಿಸಲಿಲ್ಲ. ಅವರು ನನ್ನನ್ನು ಒಮ್ಮೆ ನೋಡಿ, ಬಗ್ಗಿ, ನೆಲದ ಕಾಳುಗಳನ್ನು ಆರಿಸಿ ತಾವೇ ತಲೆಗೆ ಹಾಕಿಕೊಂಡರು. ಎದುರಾಳಿ ಎಂಥವರೆಂಬುದು ಅಂದು ನನಗೆ ಅರಿವಾಯಿತು.

ಇಬ್ಬರೂ ನಿವೃತ್ತರಾದ ಮೇಲೆ ನಮ್ಮೂರ ದೇವಸ್ಥಾನದ ಸಮಿತಿಯಲ್ಲಿ ಮತ್ತೆ ಒಂದೇ ಚಾಪೆಯ ಮೇಲೆ ಕುಳಿತೆವು. ಒಂದು ವರ್ಷ ಸಂತರ್ಪಣೆಗೆ ಮುಂಚಿತವಾಗಿ ದೊಡ್ಡ ಕೊಪ್ಪರಿಗೆಗೆ ಕಲಾಯಿ ಹಾಕಿಸುವ ಮಾತು ಬಂತು. ನಾನು ವಿನಯದಿಂದ ಸೂಚಿಸಿದೆ: “ಅಳತೆ, ಮೈ ಇವೆಲ್ಲ ಮಾಷ್ಟ್ರಿಗೆ ಗೊತ್ತು. ಅವರೇ ನಿಂತು ಮಾಡಿಸಲಿ.” ಸಮಿತಿ ಒಪ್ಪಿತು. ಅವರು ನನ್ನ ಕಡೆ ತಿರುಗಲಿಲ್ಲ.

ಕಲಾಯಿಯ ದಿನ ಕಟಪಾಡಿಯಿಂದ ಕಲಾಯಿ ಹಾಕುವ ಒಬ್ಬ ಬ್ಯಾರಿಗಳು ಬಂದು ಹೊರ ಅಂಗಳದಲ್ಲಿ ತಿದಿ ಹೂಡಿದರು. ಸಮಿತಿಯವರು ಸೇರಿದ್ದರು; ಹಳೆ ವಿದ್ಯಾರ್ಥಿಗಳೂ ಕೆಲವರಿದ್ದರು. ನಾನು ಬಯಸಿದ್ದು ಅಂಥ ಸಭೆಯನ್ನೇ. ದನಿಯೆತ್ತಿ ಕೇಳಿದೆ.

“ಮಾಷ್ಟ್ರೇ, ಬ್ಯಾರಿಗಳಿಗೆ ಸ್ವಲ್ಪ ಲೆಕ್ಕ ಹೇಳಿಕೊಡಿ. ಕಲಾಯಿ ಎಲ್ಲೆಲ್ಲಿ ಬೀಳಬೇಕು? ಒಳಗೆ ಮಾತ್ರವೋ, ಹೊರಗೂ ಉಂಟೋ?”

‘ಒಳಗೆ ಮಾತ್ರ’ ಎನ್ನದೆ ಅವರಿಗೆ ಗತಿಯಿಲ್ಲವೆಂದು ನಾನು ಎಣಿಸಿದ್ದೆ. ಹಾಗೆಂದ ಮರುಕ್ಷಣ ಎಲ್ಲರ ಮುಂದೆ ಹೇಳಬೇಕಾದ ಮಾತು ನನ್ನ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವರು ಕೊಡೆಯನ್ನು ನೆಲಕ್ಕೂರಿ ಬಹಳ ಹೊತ್ತು ಕೊಪ್ಪರಿಗೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಒಳಗೂ, ಹೊರಗೂ” ಎಂದರು. “ಅಂಚಿಗೂ.”

ಬ್ಯಾರಿಗಳು ತಿದಿ ನಿಲ್ಲಿಸಿದರು. “ಎಂತ ಮಾಷ್ಟ್ರೇ, ತಮಾಷೆಯಾ? ಹೊರಗೆ ಯಾರಾದ್ರೂ ಹಾಕ್ತಾರಾ?”

“ಹಾಕಿ ಮಾರಾಯ್ರೇ. ಹೊರಗಿನ ತವರ ನಾನು ಕೊಡ್ತೇನೆ.”

“ನನಗೆಂತ? ನೀವು ಹೇಳಿದ್ರೆ ಒಲೆಗೂ ಹಾಕ್ತೇನೆ!”

ಹಾಕಿದರು. ಸಂಜೆಯ ಬಿಸಿಲಿಗೆ ಆ ಕೊಪ್ಪರಿಗೆ ಬೆಳ್ಳಿಯ ಗುಡಾಣದಂತೆ ಹೊಳೆಯಿತು. ದರ್ಶನಕ್ಕೆ ಬಂದವರು ನಿಂತು ಕೈಮುಗಿದರು. ಒಬ್ಬ ಹೆಂಗಸು ದೇವರ ಹೊಸ ಆಭರಣವೇನೋ ಎಂಬಂತೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹದಿನೈದರ ಹುಡುಗಿ ಆಡಿದ ಒಂದು ಮಾತನ್ನು ಒಪ್ಪುವುದಕ್ಕಿಂತ ತಾಮ್ರದ ಹೊರಮೈಗೆ ತವರ ಬಳಿಸುವುದೇ ಲೇಸೆಂಬ ಹಟಕ್ಕೆ ಏನೆನ್ನಬೇಕು? ನಾನು ಕೆರೆಯ ಕಡೆ ನಡೆದೆ.

ಸಂತರ್ಪಣೆಯ ದಿನ ಬೆಳಿಗ್ಗೆ ಕೊಪ್ಪರಿಗೆ ಒಲೆಯೇರಿತು. ಒಳಗೆ ನೀರಿರುವಷ್ಟು ಎತ್ತರದವರೆಗೆ ಹೊರಮೈ ಮಸಿ ಹಿಡಿದು ಕಪ್ಪಾಯಿತು, ಅಷ್ಟೆ. ನೀರಿನಿಂದ ಮೇಲೆ, ಜ್ವಾಲೆ ನಾಲಗೆ ಚಾಚಿ ನೆಕ್ಕುತ್ತಿದ್ದ ಹೆಗಲಿನಲ್ಲಿ, ತವರ ಮೊದಲು ಬೆವರಿತು; ಆಮೇಲೆ ಹನಿಗಟ್ಟಿ ಇಳಿಯತೊಡಗಿತು. ಅಡಿಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ಕೂಗಿದರು:

“ಇಲ್ಲಿ ಬನ್ನಿ ಮಾರಾಯ್ರೇ! ಕೊಪ್ಪರಿಗೆ ಅಳ್ತಾ ಉಂಟು!”

ಜನ ಸೇರಿದರು. ಬೆಳ್ಳಿಯಂಥ ಹನಿಗಳು ಬೂದಿಗೆ ಬಿದ್ದು ಗುಂಡಾಗಿ ಉರುಳುತ್ತಿದ್ದವು.

“ಯಾರ ಲೆಕ್ಕ ಇದು?”

“ಗಣಿತದ ಮಾಷ್ಟ್ರದ್ದು.”

“ಹಾಗಾದ್ರೆ ಲೆಕ್ಕ ಸರಿ ಉಂಟು. ತಪ್ಪು ಕೊಪ್ಪರಿಗೆಯದ್ದೇ!”

ನಗು ಅಡಿಗೆಶಾಲೆಯಿಂದ ಎಲೆ ತೊಳೆಯುವ ಕಟ್ಟೆಯವರೆಗೆ ಹಬ್ಬಿತು. ಮಾಷ್ಟ್ರು ಒಲೆಯ ಪಕ್ಕದಲ್ಲೇ ನಿಂತಿದ್ದರು. ಹೋಗಬಹುದಿತ್ತು, ಹೋಗಲಿಲ್ಲ. ಆ ಬಿಸಿಯಲ್ಲಿ, ಆ ನಗುವಿನ ನಡುವೆ, ಅಡಿಗೆ ಇಳಿಸುವ ತನಕ ನಿಂತರು. ನಾನು ದೇವರ ಸನ್ನಿಧಿಯಿಂದಲೇ ಕಣ್ತುಂಬ ನೋಡಿದೆ. ಸಂತೋಷವಾಯಿತೆಂದು ಬರೆಯಲು ನನಗೆ ಸಂಕೋಚವಿಲ್ಲ.

ಊಟವಾದ ಮೇಲೆ ಕೈತೊಳೆಯುವಲ್ಲಿ ಅವರು ನನ್ನ ಬಳಿಗೆ ಬಂದರು. ಶಾಲೆಯ ಆ ದಿನದ ಬಳಿಕ ಅವರಾಗಿ ನನ್ನೊಡನೆ ಮಾತೆತ್ತಿದ್ದು ಅದೇ ಮೊದಲು.

“ಭಟ್ರೇ, ಸಮಾಧಾನ ಆಯ್ತಾ?”

“ಆಗಲಿಲ್ಲ.”

“ಆ ಹುಡುಗಿ ಹೇಳಿದ್ದು ಸರಿ. ಅವಳ ಬಾಯಿಂದ ಮಾತು ಬಿದ್ದ ಗಳಿಗೆಯಲ್ಲೇ ನನಗೆ ಗೊತ್ತಾಗಿತ್ತು.”

“ಹಾಗಾದರೆ ಮೊನ್ನೆ ಅಂಗಳದಲ್ಲಿ ಯಾಕೆ ಹೇಳಲಿಲ್ಲ?”

“ನೀವು ಕೇಳಿದ ರೀತಿಗೆ. ಒಪ್ಪುವುದಾದರೆ ಅವಳ ಹತ್ತಿರ ಒಪ್ತೇನೆ. ನಿಮ್ಮ ಹತ್ತಿರ ಅಲ್ಲ.”

“ಅವಳು ಇರುವುದು ಮಣಿಪಾಲದಲ್ಲಿ. ಹೋಗಿ.”

“ಹೋಗ್ತೇನೆ.”

ಈ ಮಾತುಕತೆಯನ್ನು ನಾನು ಮಗಳಿಗೆ ತಿಳಿಸಲಿಲ್ಲ. ಆ ಮಾತು ಅವಳಿಗೆ ತಲುಪಬೇಕಾದುದು ಅದನ್ನು ನುಂಗಿಕೊಂಡವರ ಬಾಯಿಂದಲೇ. ಕೆಲವು ತಿಂಗಳು ಕಾದೆ. ಕಟಪಾಡಿಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಕೇಳಿದೆ: “ಹೋಗಿದ್ದಿರಾ?”

“ಆಗ್ಲಿಲ್ಲ” ಎಂದರು.

“ಏಕೆ? ಇಲ್ಲಿಂದ ಮಣಿಪಾಲಕ್ಕೆ ಬಸ್ಸಿಲ್ಲವೋ?”

“ಬಸ್ಸು ಉಂಟು ಭಟ್ರೇ” ಎಂದು ಕೊಡೆ ಬಿಡಿಸಿ ನಡೆದುಬಿಟ್ಟರು.

ಅಂದಿನಿಂದ ನನ್ನ ದ್ವೇಷಕ್ಕೆ ಇನ್ನೊಂದು ಬೇರು ಬಂತು. ಹುಡುಗಿಯನ್ನು ಅವಮಾನಿಸಿದವರು ಎಂಬುದರ ಜೊತೆಗೆ ಕೊಟ್ಟ ಮಾತಿಗೆ ತಪ್ಪಿದವರು ಎಂಬುದೂ ಸೇರಿತು. ಅವರು ಮುಪ್ಪಾದರು, ಕೋಲು ಹಿಡಿದರು, ಹಾಸಿಗೆ ಹಿಡಿದರು, ಹೋದರು. ಸಂಕಲ್ಪ ಈಡೇರದೆ ಉಳಿಯಿತು. ಈ ಲೇಖನವನ್ನು ಹೇಗೆ ಮುಗಿಸಬೇಕೆಂಬುದು ನನ್ನ ಮನಸ್ಸಿನಲ್ಲಿ ನಿಶ್ಚಯವಾಗಿತ್ತು: ಅರ್ಧಗೋಳದ ಮೈಯನ್ನು ಅಳೆಯಬಲ್ಲವರು ಆಡಿದ ಒಂದು ಮಾತನ್ನು ನಡೆಸಲಾರದೆ ಹೋದರು ಎಂದು.

ಬರೆಯುವ ಮುನ್ನ ಮಗಳಿಗೊಂದು ಮಾತು ತಿಳಿಸಬೇಕೆಂದು ಮಣಿಪಾಲಕ್ಕೆ ಹೋದೆ. ಅವಳು ಶಂಕರಪುರದ ಮಲ್ಲಿಗೆಯ ಅಟ್ಟೆಯನ್ನು, ಎಂದರೆ ಮಾಲೆಗಳ ಕಟ್ಟನ್ನು, ಬಿಡಿಸಿ ದೇವರಿಗೆ ಮುಡಿಸುತ್ತಿದ್ದಳು. ಸಂತರ್ಪಣೆಯ ದಿನ ಕೈತೊಳೆಯುವಲ್ಲಿ ನಡೆದುದನ್ನು ಮೊದಲ ಬಾರಿಗೆ ಹೇಳಿದೆ. ಅವರು ಬರುತ್ತೇನೆಂದದ್ದು, ಬಾರದೆ ಉಳಿದದ್ದು, ಅದನ್ನೇ ಬರೆಯಲಿರುವುದು ಎಲ್ಲವನ್ನೂ ಹೇಳಿದೆ. ಅವಳು ಕೈಯ ಹೂವನ್ನು ಕೆಳಗಿಡಲಿಲ್ಲ. ನಮ್ಮ ಮನೆಮಾತು ತುಳು. ಅವಳ ನುಡಿಗಳನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

“ಅದನ್ನು ಬರೆಯಬೇಡಿ ಅಪ್ಪ. ಅದು ಸುಳ್ಳು.”

“ಯಾವುದು?”

“ಅವರು ಬಂದಿದ್ದರು. ಆ ಸಂತರ್ಪಣೆ ಆದ ವಾರವೇ ಬಂದರು. ನಾನು ಮಕ್ಕಳಿಗೆ ಪಾಠ ಮಾಡ್ತಾ ಇದ್ದೆ. ಗ್ರಿಲ್ಲಿನ ಹೊರಗೆ ಕೊಡೆ, ಕೈಯಲ್ಲಿ ಬಾಳೆಹಣ್ಣಿನ ಪೊಟ್ಟಣ. ನೋಡಿದ ಕೂಡಲೇ ಗುರುತು ಸಿಕ್ಕಿತು. ಒಳಗಿನ ಬಾಗಿಲು ಹಾಕಿದೆ.”

ಅವಳು ಇನ್ನೊಂದು ಮಾಲೆಯನ್ನು ದೇವರಿಗೆ ಮುಡಿಸಿದಳು.

“ಮತ್ತೆಯೂ ಬಂದರು. ಕಡೇ ಸಲ ಬಂದಾಗ ಕೈಯಲ್ಲಿ ಕೋಲು ಇತ್ತು. ಮೆಟ್ಟಿಲಿನಲ್ಲಿ ಕೂತರು. ಮಕ್ಕಳು, ‘ಟೀಚರ್, ಹೊರಗೆ ಒಬ್ರು ಅಜ್ಜ ಇದ್ದಾರೆ’ ಅಂದರು. ‘ಇರಲಿ, ನೀವು ಸ್ವರ ತಪ್ಪಬೇಡಿ’ ಅಂದೆ. ಆಮೇಲೆ ಬಾಗಿಲಿನ ಹತ್ತಿರ ಬಾಯಿಟ್ಟು, ‘ಮಗಾ, ಆ ಕಲಾಯಿ ಲೆಕ್ಕ...’ ಅಂತ ಶುರು ಮಾಡಿದರು.”

“ಆಮೇಲೆ? ಏನೆಂದರು?”

“ಗೊತ್ತಿಲ್ಲ. ಶ್ರುತಿಪೆಟ್ಟಿಗೆ ಎಷ್ಟು ಜೋರು ಆಗ್ತದೋ ಅಷ್ಟು ಜೋರು ಮಾಡಿದೆ.”

“ಯಾಕೆ? ನಾನು ಇಷ್ಟು ವರ್ಷ ಕಾದದ್ದು ಆ ಮಾತಿಗಾಗಿ.”

“ಕಾದದ್ದು ನೀವು ಅಪ್ಪ. ನಾನಲ್ಲ.” ಅವಳು ದೇವರ ಪಟದ ಮೇಲಿನ ಹೂವನ್ನು ಸರಿಪಡಿಸಿದಳು. “ಅವತ್ತು ಇಡೀ ಶಾಲೆಗೆ ಕಾಣುವ ಹಾಗೆ ಬಯಲಿಗೆ ಬಿಟ್ಟರು. ಇವತ್ತು ಬಾಗಿಲಿನ ಸಂದಿಯಲ್ಲಿ ಮೆಲ್ಲ ಹೇಳಿ ಹಗುರ ಮಾಡಿಕೊಂಡು ಹೋಗುವುದಾ? ಹೇಳಲಿಕ್ಕೆ ಆಗದೆಯೇ ಹೋಗಲಿ ಅಂತ ನನಗೆ ಇತ್ತು.”

“ನನಗಾದರೂ ತಿಳಿಸಬಾರದಿತ್ತೇ?”

“ತಿಳಿಸಿದ್ರೆ ನೀವು ಬಂದು ಬಾಗಿಲು ತೆಗೆಸ್ತಿದ್ರಿ.”

ತೆಗೆಸುತ್ತಿದ್ದೆ, ನಿಜ. ಬಸ್ ನಿಲ್ದಾಣದಲ್ಲಿ ಅವರು “ಆಗ್ಲಿಲ್ಲ” ಎಂದಾಗ ಅವಳ ಹೆಸರನ್ನು ಎತ್ತಿರಲಿಲ್ಲ. ನಿಮ್ಮ ಮಗಳು ಬಾಗಿಲು ಹಾಕಿದಳೆಂದು ಒಂದು ನುಡಿ ಹೇಳಿದ್ದರೆ ನಾನು ಮಣಿಪಾಲಕ್ಕೆ ಓಡಿಬರುತ್ತಿದ್ದೆ. ಅವರ ಕೈಹಿಡಿದು ಒಳಗೆ ಕರೆತರುತ್ತಿದ್ದೆ. ಅವರು ಹೇಳದೆ ಹೋದರು. ಆ ಒಂದು ಕಾರಣಕ್ಕೆ ಅವರನ್ನು ಮೆಚ್ಚಬೇಕೆಂದು ಧರ್ಮ ಹೇಳುತ್ತದೆ. ಮೆಚ್ಚಿದ್ದೇನೆ. ಕ್ಷಮಿಸಲು ನನಗೆ ಅಧಿಕಾರವಿಲ್ಲವೆಂಬುದು ಅಂದು ತಿಳಿಯಿತು.

“ಹಾಗಾದರೆ ಈಗ ಏನು ಬರೆಯಲಿ?” ಎಂದು ಅವಳನ್ನೇ ಕೇಳಿದೆ.

“ಇದ್ದದ್ದನ್ನು ಬರೆಯಿರಿ. ಅವರು ಬಂದದ್ದನ್ನೂ ಬರೆಯಿರಿ. ಬಾಗಿಲು ತೆಗೆಯದವಳು ನಾನು ಅಂತಲೂ ಬರೆಯಿರಿ. ಆ ಸಂಚಿಕೆ ಅವರ ಮಗನ ಕೈಗೆ ಹೋಗ್ತದಲ್ಲ, ಓದಲಿ.”

ಬರೆದಿದ್ದೇನೆ.